ಪೂಜೆಗೆ ಕೂತ ಪೆನ್ಸಿಲ್‌ಗಳು

ಭದ್ರಾವತಿಗೆ ಶರತ್ಕಾಲ ಬರುವುದಿಲ್ಲ. ಈ ಮಾತನ್ನು ನಾನು ಯಾವ ವೇದಿಕೆಯ ಮೇಲೆ ಬೇಕಾದರೂ ಸಮರ್ಥಿಸಬಲ್ಲೆ, ಎದುರು ಪಕ್ಷದವರು ಪಂಚಾಂಗ ಹಿಡಿದುಕೊಂಡು ಬಂದರೂ ಸರಿಯೇ. ಆಶ್ವಯುಜ, ಕಾರ್ತಿಕ ಎಂದು ಅಚ್ಚು ಹಾಕಿದ ಮಾತ್ರಕ್ಕೆ ಋತು ಬಂದುಬಿಡುವುದಿಲ್ಲ, ಅದಕ್ಕೆ ಸಾಕ್ಷಿ ಬೇಕು. ಓಲ್ಡ್ ಟೌನಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಋತುಗಳ ಚಾರ್ಟೊಂದು ನೇತಾಡುತ್ತಿತ್ತು. ಅದರ ಶರತ್ಕಾಲದ ಚೌಕದಲ್ಲಿ ಬೆಂಕಿ ಹತ್ತಿದಂಥ ಒಂದು ಮರ, ನೆಲದ ತುಂಬ ಕಿತ್ತಳೆ ಬಣ್ಣದ ಎಲೆ, ಆ ಎಲೆಗಳ ನಡುವೆ ಸ್ವೆಟರ್ ತೊಟ್ಟು ನಗುತ್ತಿದ್ದ ಕೆಂಪು ಕೆನ್ನೆಯ ಇಬ್ಬರು ಮಕ್ಕಳು. ನಮ್ಮ ಬೀದಿಯಲ್ಲಿ ದಸರಾ ಹೊತ್ತಿಗೆ ಸ್ವೆಟರ್ ಹಾಕಿದವರನ್ನು ನಾನು ಕಂಡಿರಲಿಲ್ಲ. ಮರಗಳೋ, ಮಳೆಗಾಲದ ಹಸಿರನ್ನು ಇನ್ನೂ ಬಿಟ್ಟುಕೊಟ್ಟಿರುತ್ತಿರಲಿಲ್ಲ. ನನಗಾಗ ಶಾಲೆಗೆ ಸೇರುವಷ್ಟು ವಯಸ್ಸೂ ಆಗಿರಲಿಲ್ಲ. ಆದರೆ ಸುಳ್ಳು ಕಂಡರೆ ಬಿಡಬಾರದು ಎಂಬ ಹಟ ಆಗಲೇ ಇತ್ತು.

"ಚಿಕ್ಕೀ, ಈ ಮರ ಎಲ್ಲಿದೆ?"

"ಚಾರ್ಟಲ್ಲಿದೆ."

"ನಮ್ಮೂರಲ್ಲಿ ಎಲ್ಲಿದೆ ಅಂತ ಕೇಳಿದ್ದು."

"ನಮ್ಮೂರಲ್ಲಿ ನಾವೇ ಮಾಡ್ಕೋಬೇಕು ಮಾರಾಯ್ತಿ. ಹೋಗು, ಅಡುಗೆಮನೆಯಿಂದ ಈರುಳ್ಳಿ ಸಿಪ್ಪೆ ತಗೊಂಡ್ಬಾ."

ಚಿಕ್ಕಿ ಎಂದರೆ ನನ್ನ ಅಮ್ಮನ ತಂಗಿ, ಸುಮಿತ್ರ. ಅಮ್ಮ ಶಿವಮೊಗ್ಗದಲ್ಲಿ ನರ್ಸು, ಅವಳ ಪಾಳಿ ವಾರಕ್ಕೊಂದು ಥರ ಬದಲಾಗುತ್ತಿತ್ತು. ಅಪ್ಪ ಔಷಧಿ ಕಂಪನಿಯೊಂದರ ಬ್ಯಾಗು ಹಿಡಿದು ಊರೂರು ತಿರುಗುತ್ತಿದ್ದ. ಇಬ್ಬರೂ ಸೇರಿ ಸವಳಂಗ ರಸ್ತೆಯ ಒಂದು ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದರು. ಮಗುವನ್ನು ಯಾರ ಕೈಯಲ್ಲಿ ಬಿಡುವುದು ಎಂಬ ಪ್ರಶ್ನೆಗೆ ಮನೆಯವರು ಕಂಡುಕೊಂಡ ಉತ್ತರ ಚಿಕ್ಕಿ. ಹಾಗಾಗಿ ನಾನು ನಡೆಯಲು ಕಲಿತದ್ದು, ಮಾತು ಕಲಿತದ್ದು, ಮಾತಿಗೆ ಎದುರು ಮಾತು ಕಲಿತದ್ದು ಎಲ್ಲವೂ ಓಲ್ಡ್ ಟೌನಿನಲ್ಲೇ, ಅಜ್ಜಿ ಮತ್ತು ಚಿಕ್ಕಿಯ ನಡುವೆ. ಅಮ್ಮ ರಜೆ ಸಿಕ್ಕಾಗ ಬಸ್ಸಿನಲ್ಲಿ ಬರುತ್ತಿದ್ದಳು, ಬ್ರೆಡ್ಡು ತರುತ್ತಿದ್ದಳು, ನನ್ನ ಉಗುರು ಕತ್ತರಿಸುತ್ತಿದ್ದಳು, ಹೋಗುತ್ತಿದ್ದಳು. ಅವಳ ಸೀರೆಗೆ ಆಸ್ಪತ್ರೆಯ ವಾಸನೆ ಇರುತ್ತಿತ್ತು. ನಾನು ಅವಳನ್ನು ಇಷ್ಟಪಡುತ್ತಿದ್ದೆ, ಬಂದ ನೆಂಟರನ್ನು ಇಷ್ಟಪಡುವ ಹಾಗೆ. ಚಿಕ್ಕಿಗೆ ಮದುವೆಯಾಗಿರಲಿಲ್ಲ. ಏಕೆ ಎಂದು ಕೇಳಬೇಕೆಂದು ಆಗ ನನಗೆ ಹೊಳೆದಿರಲಿಲ್ಲ.

ಆ ಮನೆಯ ಮುಂದಿನ ಕೋಣೆ ಬೆಳಗಿನ ಹೊತ್ತು ಬೀದಿಯ ಪುಟ್ಟ ಮಕ್ಕಳದಾಗಿರುತ್ತಿತ್ತು. ಅದಕ್ಕೊಂದು ಹೆಸರಿರಲಿಲ್ಲ, ಬೋರ್ಡಿರಲಿಲ್ಲ. ತಾಯಂದಿರು ಕೆಲಸಕ್ಕೆ ಹೋಗುವಾಗ ಮಕ್ಕಳನ್ನು ಚಿಕ್ಕಿಯ ಹತ್ತಿರ ಬಿಟ್ಟು ಹೋಗುತ್ತಿದ್ದರು, ಅಷ್ಟೇ. ಎದುರು ಮನೆಯ ಮೆಕ್ಯಾನಿಕ್‌ನ ಹೆಂಡತಿ ಶಮೀಮಕ್ಕನ ಮಗ ಇರ್ಫಾನ್ ಬರುತ್ತಿದ್ದ. ಕಾಗದದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ತಮಿಳು ಮನೆಯವರ ಮಗಳು ಸೆಲ್ವಿ ಬರುತ್ತಿದ್ದಳು. ಅವಳ ಜೊತೆಗೆ ಕಾಗದವೂ ಬರುತ್ತಿತ್ತು. ಅಂಚು ಕತ್ತರಿಸಿ ಬಿಸಾಕಿದ ಉದ್ದುದ್ದ ಪಟ್ಟಿಗಳು, ಹಸಿ ಹಿಟ್ಟಿನಂಥ ವಾಸನೆ. ಮೂಗಿಗೆ ಹಿಡಿದು ಅದನ್ನು ಮೂಸುವುದು ನಮ್ಮ ಮೊದಲ ಆಟ. ಬೆಳಗಿನ ಬಿಸಿಲು ಕಿಟಕಿಯ ಸರಳುಗಳ ನಡುವಿನಿಂದ ಬಿದ್ದು, ಕೆಂಪು ಗಾರೆಯ ನೆಲದ ಮೇಲೆ ಪಟ್ಟಿ ಪಟ್ಟಿಯಾಗುತ್ತಿತ್ತು. ಒಬ್ಬೊಬ್ಬರಿಗೆ ಒಂದೊಂದು ಪಟ್ಟಿ, ಅದೇ ಅವರವರ ಜಾಗ. ಬಿಸಿಲು ಜರುಗಿದ ಹಾಗೆ ನಾವೂ ಕೂತಲ್ಲೇ ಜರುಗುತ್ತಿದ್ದೆವು. ಶಿವಮೊಗ್ಗದ ಆಲ್ಕೊಳದಲ್ಲಿ ನಾನೀಗಿರುವ ಮನೆಗೆ ಒಳ್ಳೆಯ ಟೈಲ್ಸ್ ಇದೆ, ಬೆಳಕೂ ಧಾರಾಳ. ಆದರೆ ಯಾವ ಬೆಳಕೂ ನನ್ನನ್ನು ಜರುಗು ಎನ್ನುವುದಿಲ್ಲ.

ನಮ್ಮ ಮನೆಯಲ್ಲಿ ನವರಾತ್ರಿಯ ಸರಸ್ವತಿ ಪೂಜೆಗೆ ಪುಸ್ತಕಗಳನ್ನು ಇಟ್ಟರೆ ವಿಜಯದಶಮಿಯ ಬೆಳಿಗ್ಗೆಯವರೆಗೆ ಯಾರೂ ಓದುವ ಹಾಗಿರಲಿಲ್ಲ, ಬರೆಯುವ ಹಾಗಿರಲಿಲ್ಲ. ಅನೇಕ ಮನೆಗಳಲ್ಲಿ ಈ ಪದ್ಧತಿ ಉಂಟು. ಅಜ್ಜಿ ಅದನ್ನು ಕೊನೆಯ ಹಂತಕ್ಕೆ ಒಯ್ದಿದ್ದಳು. ಪುಸ್ತಕದ ಜೊತೆಗೆ ನಮ್ಮ ಬಣ್ಣದ ಪೆನ್ಸಿಲ್‌ಗಳು, ರಬ್ಬರು, ಕತ್ತರಿ ಎಲ್ಲವೂ ಮಣೆಯ ಮೇಲೆ ಕೂರುತ್ತಿದ್ದವು, ಪ್ರತಿಯೊಂದಕ್ಕೂ ಕುಂಕುಮ, ಮೇಲೊಂದು ಚೆಂಡುಹೂವು. ಅಪ್ಪ ಮರೆತು ಹೋದ ಪೆನ್ನೂ ಅಲ್ಲಿತ್ತು. ಮಕ್ಕಳು ಮಾತ್ರ ಎಂದಿನಂತೆ ಬರುತ್ತಿದ್ದರು. ಹಬ್ಬದ ದಿನಗಳಲ್ಲಿ ತಾಯಂದಿರಿಗೆ ಕೆಲಸ ಹೆಚ್ಚು. ಕೋಣೆ ತುಂಬ ಮಕ್ಕಳು, ಕೈಯಲ್ಲಿ ಏನೂ ಇಲ್ಲ. ನನ್ನ ಬದುಕಿನ ಮೊದಲ ಚರ್ಚಾಸ್ಪರ್ಧೆ ನಡೆದದ್ದು ಆ ಮಣೆಯ ಮುಂದೆ.

"ಅಜ್ಜಿ, ನಾನು ಬರೆಯಲ್ಲ. ಎಲೆ ಚಿತ್ರ ಬಿಡಿಸ್ತೀನಿ ಅಷ್ಟೇ. ಚಿತ್ರ ಬರವಣಿಗೆ ಅಲ್ಲ."

"ಪೆನ್ಸಿಲ್ ಹಿಡಿದು ಗೀಚಿದ್ಮೇಲೆ ಅದೂ ಬರವಣಿಗೆಯೇ."

"ಹಂಗಾದ್ರೆ ಪೆನ್ಸಿಲ್ ಬೇಡ. ಬೆರಳಲ್ಲಿ ಬಿಡಿಸ್ತೀನಿ."

"ಬೆರಳೇನು ಕಮ್ಮಿನಾ? ಅಕ್ಷರಾಭ್ಯಾಸದಲ್ಲಿ ಅಕ್ಕಿ ಮೇಲೆ ಬೆರಳಲ್ಲೇ ತಾನೇ ಬರೆಯೋದು? ಗೆರೆ ಎಳೆದ್ರೆ ಮುಗೀತು, ಬರೆದ ಹಾಗೇ."

"ಇರ್ಫಾನ್ ಬಿಡಿಸಬಹುದಾ? ಅವನ ದೇವರು ಬೇರೆ."

ಅಜ್ಜಿ ಇರ್ಫಾನ್‌ನನ್ನು ನೋಡಿದಳು. ಅವನು ಆಗಲೇ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದ.

"ದೇವರು ಬೇರೆ ಆದ್ರೂ ಪೆನ್ಸಿಲ್ ನಮ್ಮನೇದು. ಅದಕ್ಕೂ ಒಂದಿಷ್ಟು ದಿನ ರಜ ಬೇಡ್ವೇನೇ?"

ಈಗ ಕೂತು ಅಂಕ ಹಾಕಿದರೆ, ಆ ವಾದದಲ್ಲಿ ಅಜ್ಜಿಯದೇ ಮೇಲುಗೈ. ನಾನು ಅಳುವ ಹಂತಕ್ಕೆ ಬಂದಿದ್ದೆ. ಆಗ ಚಿಕ್ಕಿ ಅಡುಗೆಮನೆಯ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ಬಂದು, ಮಧ್ಯಸ್ಥಿಕೆಯ ದನಿಯಲ್ಲಿ ಕೇಳಿದಳು:

"ಗೆರೆ ಎಳೀಬಾರ್ದು. ಒಪ್ಪಿದೆ. ಅಮ್ಮಾ, ಒತ್ತಬಹುದಾ?"

"ಏನನ್ನ ಒತ್ತೋದು?"

"ಎಲೇನ. ಎಲೆಗೆ ಬಣ್ಣ ಹಚ್ಚಿ ಕಾಗದದ ಮೇಲೆ ಒತ್ತಿದ್ರೆ ಚಿತ್ರ ತಾನಾಗೇ ಬೀಳುತ್ತೆ. ಅದರಲ್ಲಿ ಮಕ್ಕಳು ಬರೆದಿದ್ದೇನು? ಎಲೆಯೇ ಬರೆದಿದ್ದು. ಎಲೆಗೆ ನಿಷೇಧ ಉಂಟಾ?"

ಅಜ್ಜಿ ನಗು ತಡೆಯಲು ಬಾಯಿಗೆ ಸೆರಗು ಹಿಡಿದಳು. ಆ ಸೆರಗು ನಮ್ಮ ಪಾಲಿಗೆ ತೀರ್ಪಾಯಿತು.

ಒತ್ತುವುದು, ಹರಿಯುವುದು, ಅಂಟಿಸುವುದು ಮೂರೂ ಸರಿ. ಗೆರೆ ಎಳೆಯುವುದು ಮಾತ್ರ ಇಲ್ಲ. ಈ ಕಾನೂನಿನೊಳಗೆ ಚಿಕ್ಕಿ ಒಂದು ಇಡೀ ಋತುವನ್ನು ಕಟ್ಟಿದಳು. ಕತ್ತರಿ ಇಲ್ಲದೆ ಕಾಗದ ಹರಿಯುವ ವಿದ್ಯೆ ಅವಳದು: ಮಡಿಸು, ಮಡಿಕೆಯ ಮೇಲೆ ಉಗುರು ಎಳೆ, ನಾಲಿಗೆಗೆ ತಾಗಿಸಿದ ಬೆರಳಿನಿಂದ ಮಡಿಕೆಯನ್ನು ಒದ್ದೆ ಮಾಡು, ಆಮೇಲೆ ಮೆಲ್ಲಗೆ ಬಿಡಿಸು. ಅಂಚು ನೇರ ಬರುತ್ತಿತ್ತು. ಅಂಟಿಗೆ ಅನ್ನದ ಗಂಜಿ. ಬಣ್ಣಕ್ಕೆ ಕಾಫಿಯ ಗಸಿ, ಅರಿಶಿನ, ಅಜ್ಜಿಯ ಎಲೆಅಡಿಕೆ ತಟ್ಟೆಯಿಂದ ಕದ್ದ ಸುಣ್ಣ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದ ಕೂಡಲೇ ಅದು ಕೆಂಪಾಗುವುದನ್ನು ನೋಡಲು ನಾವೆಲ್ಲ ತಲೆಗೆ ತಲೆ ಡಿಕ್ಕಿ ಹೊಡೆದುಕೊಳ್ಳುತ್ತಿದ್ದೆವು. ಎಲೆಗಾಗಿ ಹಿತ್ತಿಲು. ಪಕ್ಕದ ಮನೆಯ ಬಾದಾಮಿ ಮರದ ಒಂದು ಕೊಂಬೆ ನಮ್ಮ ಕಡೆ ಬಾಗಿತ್ತು. ಅದರಲ್ಲಿ ಯಾವ ಕಾಲದಲ್ಲೂ ಒಂದೆರಡು ಎಲೆ ಹುಚ್ಚು ಹಿಡಿದ ಹಾಗೆ ಕೆಂಪಾಗಿರುತ್ತಿದ್ದವು. ಉದುರಿದ ಹಲಸಿನ ಹಣ್ಣೆಲೆಗಳನ್ನು ಶಮೀಮಕ್ಕ ತನ್ನ ಅಂಗಳದಿಂದ ಗುಡಿಸಿ ತಂದು ಕೊಡುತ್ತಿದ್ದರು.

"ಸುಮಿತ್ರಕ್ಕಾ, ಕಸ ಬೇಕು ಅಂತ ಕೇಳೋ ಮನೆ ನಿಮ್ಮದೊಂದೇ. ಇನ್ನೂ ಬೇಕಾ? ನಮ್ಮೆಜಮಾನರ ಗ್ರೀಸ್ ಬಟ್ಟೆನೂ ಇದೆ."

"ಅದೂ ಕಳಿಸು. ಮರದ ಕಾಂಡಕ್ಕೆ ಆಗುತ್ತೆ."

"ತೌಬಾ! ತಮಾಷೆಗೆ ಅಂದೆ."

"ನಾನು ತಮಾಷೆಗೆ ಹೇಳ್ತಿಲ್ಲ ಮಾರಾಯ್ತಿ, ಕಳಿಸು."

ಗ್ರೀಸ್ ಬಟ್ಟೆ ಬಂತು, ಅದರಿಂದ ಒತ್ತಿದ ಕಾಂಡ ಕಪ್ಪಗೆ ಜೀವಂತವಾಗಿತ್ತು. ಎಲೆಯ ಮುಖಕ್ಕಲ್ಲ, ಬೆನ್ನಿಗೆ ಬಣ್ಣ ಹಚ್ಚಬೇಕು, ನರಗಳು ಉಬ್ಬಿರುವುದು ಅಲ್ಲಿ ಎಂದು ಚಿಕ್ಕಿ ತೋರಿಸಿದಳು. ಬಣ್ಣ ಹಚ್ಚಿ, ಕಾಗದದ ಮೇಲೆ ಕವುಚಿ, ಅಂಗೈಯ ಬುಡದಿಂದ ಒತ್ತಿ, ಉಸಿರು ಬಿಗಿಹಿಡಿದು ತೊಟ್ಟು ಹಿಡಿದೆತ್ತಿದರೆ ಕೆಂಪನೆಯ ಎಲೆಯೊಂದು ಬಿದ್ದಿರುತ್ತಿತ್ತು. ಈರುಳ್ಳಿ ಸಿಪ್ಪೆಯನ್ನು ಚೂರು ಮಾಡಿ ಗಂಜಿಯ ಮೇಲೆ ಉದುರಿಸಿದರೆ ಮರದಡಿ ಎಲೆಯ ರಾಶಿ. ಬೆಂಡೆಕಾಯಿ ಅಚ್ಚಿಗೆ ಚಾಕು ಬೇಕಿತ್ತು. ಆದರೆ ನಮ್ಮ ಕೈಗೆ ಕತ್ತರಿಯೇ ಇಲ್ಲವೆಂದ ಮೇಲೆ ಚಾಕು ಎಲ್ಲಿಯದು? ಕೈಯಿಂದ ಮುರಿದರೆ ನಾರು ನಾರಾಗಿ ಅಚ್ಚು ಕೆಡುತ್ತಿತ್ತು. ಇರ್ಫಾನ್ ಮುಂದಿನ ಹಲ್ಲುಗಳಿಂದ ಕಚಕ್ಕೆಂದು ಕಚ್ಚಿ ಸಮನಾಗಿ ತುಂಡು ಮಾಡಿದ. ಆಮೇಲೆ ಅವನೇ ನಮ್ಮ ಚಾಕು. ಎಲ್ಲರ ಬೆಂಡೆಕಾಯಿಯನ್ನೂ ಸಾಲಾಗಿ ಕಚ್ಚಿಕೊಟ್ಟ. ಮಧ್ಯಾಹ್ನ ಊಟ ಬೇಡವೆಂದನಂತೆ.

ಇಷ್ಟು ಹೊತ್ತಿಗೆ ಕೆಟ್ಟ ಸುದ್ದಿಯೂ ನನ್ನ ಕಿವಿಗೆ ಬಿದ್ದಿತ್ತು. ಅಜ್ಜಿ ನನ್ನ ಜಡೆ ಹಾಕುವಾಗ ಹಬ್ಬದ ಸಂತೋಷವೆಂಬಂತೆ ಅದನ್ನು ಹೇಳಿದಳು.

"ವಿಜಯದಶಮಿ ದಿನ ನಿಂಗೆ ಅಕ್ಷರಾಭ್ಯಾಸ. ನಿನ್ನಪ್ಪ ಅಮ್ಮ ಆಲ್ಕೊಳದಲ್ಲಿ ಮನೆ ಮಾಡಿದಾರೆ ಕೂಸೇ, ಎರಡು ರೂಮಿನ ಮನೆ. ಅಕ್ಷರ ಬರೆದ್ಮೇಲೆ ಸ್ಕೂಲಿಗೆ ಸೇರಿಸ್ಕೋತಾರಂತೆ. ಅವತ್ತೇ ಕರ್ಕೊಂಡು ಹೋಗ್ತಾರೆ."

"ಚಿಕ್ಕಿನೂ ಬರ್ತಾಳಾ?"

"ಚಿಕ್ಕಿ ಯಾಕೆ ಬರ್ತಾಳೆ? ಅವಳು ಇಲ್ಲೇ."

ನಾನು ಅಳಲಿಲ್ಲ. ಯೋಚಿಸಿದೆ. ಅಕ್ಷರ ಬರೆದರೆ ಶಾಲೆ, ಶಾಲೆ ಸಿಕ್ಕರೆ ಆಲ್ಕೊಳ, ಆಲ್ಕೊಳ ಎಂದರೆ ಚಿಕ್ಕಿ ಇಲ್ಲ. ಸರಪಳಿಯ ಮೊದಲ ಕೊಂಡಿಯನ್ನು ಕಳಚಿದರೆ ಮಿಕ್ಕದ್ದೆಲ್ಲ ಬಿದ್ದುಹೋಗುತ್ತದೆ. ಹಾಗಾದರೆ ಬರೆಯಬಾರದು. ಇಷ್ಟು ಸರಳವಾದ, ಇಷ್ಟು ಗಟ್ಟಿಯಾದ ವಾದವನ್ನು ಆಮೇಲೆ ಯಾವ ಕಾಲೇಜು ಸ್ಪರ್ಧೆಯಲ್ಲೂ ನಾನು ಕಟ್ಟಿಲ್ಲ. ಮನೆಯಲ್ಲಿ ಎಲ್ಲರೂ ಬರೆಯುವ ದಿನಕ್ಕಾಗಿ ಕಾಯುತ್ತಿದ್ದರು, ನಾನು ಆ ನಿಷೇಧ ಮುಗಿಯದೇ ಇರಲಿ ಎಂದು ಹಾರೈಸುತ್ತಿದ್ದೆ. ಚಿಕ್ಕಿಗೆ ಇದನ್ನು ಹೇಳಲಿಲ್ಲ. ಹೇಳುವ ಅಗತ್ಯವಿದೆ ಎನಿಸಲಿಲ್ಲ, ಅವಳು ನನ್ನ ಪಕ್ಷ ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಆದರೆ ಆ ದಿನಗಳಲ್ಲಿ ಅವಳನ್ನು ಬಿಟ್ಟು ಅಲುಗಲಿಲ್ಲ. ಅವಳು ಬಟ್ಟೆ ಒಗೆಯುವಾಗ ಕಲ್ಲಿನ ಪಕ್ಕ, ಅಕ್ಕಿ ಆರಿಸುವಾಗ ಮೊರದ ಪಕ್ಕ. ಅವಳ ಬೆರಳುಗಳಿಗೆ ನಮ್ಮ ಬಣ್ಣವೆಲ್ಲ ಹತ್ತಿ, ಉಗುರಿನ ಸುತ್ತ ಹಳದಿ, ಗೆರೆಗಳಲ್ಲಿ ಇಟ್ಟಿಗೆಯ ಕೆಂಪು. ಊಟಕ್ಕೆ ಕೂತಾಗ ಅವಳು ಕಲಸಿ ಕೊಡುವ ತುತ್ತಿಗೂ ಸ್ವಲ್ಪ ಸುಣ್ಣದ ವಾಸನೆ. ಅದು ರುಚಿಯಾಗಿತ್ತು ಎಂದರೆ ನೀವು ನಂಬಬೇಕಿಲ್ಲ. ನಾನು ಅದಕ್ಕೆ ಪುರಾವೆ ಕೊಡಲಾರೆ.

ವಿಜಯದಶಮಿಯ ಬೆಳಿಗ್ಗೆ ನನಗೆ ಹೊಸ ಲಂಗ ತೊಡಿಸಿದರು. ಮುಂದಿನ ಕೋಣೆಯ ಗೋಡೆಯಲ್ಲಿ ನಮ್ಮ ಮರಗಳೆಲ್ಲ ಅಂಟಿಕೊಂಡು ನಿಂತಿದ್ದವು, ಚಾರ್ಟನ್ನು ಅಂಚಿಗೆ ತಳ್ಳಿ. ಹಿತ್ತಾಳೆ ತಟ್ಟೆಯಲ್ಲಿ ಅಕ್ಕಿ ಹರಡಿ, ಅಜ್ಜಿ ಅದನ್ನು ಅಂಗೈಯಿಂದ ಸವರಿ ಸಮ ಮಾಡಿದಳು. ಶಮೀಮಕ್ಕ, ಇರ್ಫಾನ್, ಸೆಲ್ವಿ ಎಲ್ಲ ಬಂದಿದ್ದರು. ಅಪ್ಪ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡ. ಅಮ್ಮ ಬಂದಿದ್ದಳು. ಅವಳು ಎಲ್ಲಿದ್ದಳು, ಏನು ಉಟ್ಟಿದ್ದಳು ಎಂದು ಎಷ್ಟು ನೆನೆದರೂ ನನಗೆ ನೆನಪಾಗುವುದಿಲ್ಲ. ಅಪ್ಪ ನನ್ನ ತೋರುಬೆರಳು ಹಿಡಿಯಲು ಬಂದಾಗ ನಾನು ಮುಷ್ಟಿ ಕಟ್ಟಿದೆ.

"ಬೆರಳು ಬಿಡೇ ಪುಟ್ಟಿ."

"ಬರೆಯಲ್ಲ."

"ಹಬ್ಬದ ದಿನ ಹಟ ಮಾಡ್ಬಾರ್ದು."

"ಹಬ್ಬದ ದಿನ ಬರೀಲೇಬೇಕು ಅಂತ ಎಲ್ಲಿದೆ?"

ಶಮೀಮಕ್ಕ ಕಿಸಕ್ಕನೆ ನಕ್ಕರು. ಅಪ್ಪ ಚಾಕೊಲೇಟು ಎಂದ, ನಾನು ಬೇಡವೆಂದು ತಲೆಯಾಡಿಸಿದೆ. ಸೈಕಲ್ಲು ಎಂದ, ಆಗಲೂ ಮುಷ್ಟಿ ಬಿಚ್ಚಲಿಲ್ಲ. ಅಜ್ಜಿ ಗದರಿದಳು. ಮುಹೂರ್ತ ಮೀರುತ್ತದೆ ಎಂದು ಯಾರೋ ಅಂದರು. ನಾನು ಗೆಲ್ಲುತ್ತಿದ್ದೆ, ಅದು ನನಗೂ ಗೊತ್ತಾಗುತ್ತಿತ್ತು. ಆಗ ಚಿಕ್ಕಿ ಬಂದು ತಟ್ಟೆಯ ಆಚೆ ಕಡೆ ನನ್ನ ಎದುರಿಗೆ ಕೂತಳು. ತುಸು ಹೊತ್ತು ನನ್ನನ್ನಲ್ಲ, ನನ್ನ ತಲೆಯ ಮೇಲಿಂದ ಬಾಗಿಲ ಕಡೆ ನೋಡಿದಳು.

"ಬರೀಬೇಡ ಬಿಡು," ಎಂದಳು. "ಯಾರು ನಿನ್ನ ಬರಿ ಅಂದವ್ರು? ಇಷ್ಟು ದಿನ ಎಲೆ ಒತ್ತಿ ಒತ್ತಿ ಸಾಕಾಯ್ತು. ಒಂದು ಎಲೆ ಬಿಡಿಸಿ ತೋರಿಸು ನೋಡೋಣ. ಬಾದಾಮಿ ಎಲೆ."

ಚಿತ್ರ ಬರವಣಿಗೆ ಅಲ್ಲ. ಅದು ನನ್ನದೇ ವಾದ. ಅದನ್ನು ಕೇಳಿ ನನಗೆ ಎಷ್ಟು ಖುಷಿಯಾಯಿತೆಂದರೆ, ಮುಷ್ಟಿ ಬಿಚ್ಚಿ ಅಕ್ಕಿಯ ಮೇಲೆ ಬೆರಳಿಟ್ಟೆ. ತೊಟ್ಟಿನಿಂದ ಶುರು ಮಾಡಿ, ಅಗಲವಾಗಿ ಬಳಸಿ, ತುದಿಗೆ ಹೋಗಿ, ಆಚೆ ಕಡೆಯಿಂದ ಮತ್ತೆ ತೊಟ್ಟಿಗೆ ತಂದೆ. ನಡುವೆ ಒಂದು ನರ. ಅಕ್ಕಿ ತಣ್ಣಗಿತ್ತು, ಕಾಳುಗಳು ಪಕ್ಕಕ್ಕೆ ಸರಿದು ದಾರಿ ಬಿಡುವುದು ಹಿತವಾಗಿತ್ತು. ಚೆನ್ನಾದ ಎಲೆ. ನಾನು ತಲೆ ಎತ್ತುವಷ್ಟರಲ್ಲಿ ಅಜ್ಜಿ ಅಕ್ಷತೆ ಹಾಕಿಬಿಟ್ಟಳು.

"ಆಯ್ತು! ಗೆರೆ ಎಳೆದಾಯ್ತು. ಮೊದಲ್ನೇ ದಿನವೇ ನಾನು ಹೇಳಿರ್ಲಿಲ್ವಾ, ಬಿಡಿಸಿದ್ರೂ ಬರೆದ ಹಾಗೇ ಅಂತ? ಸರಸ್ವತಿ ಒಪ್ಕೊಂಡ್ಲು."

ಎಲ್ಲರೂ ಚಪ್ಪಾಳೆ ತಟ್ಟಿದರು. ಇರ್ಫಾನ್ ಜೋರಾಗಿ ತಟ್ಟಿದ, ಪಾಪ, ಅವನಿಗೇನು ಗೊತ್ತು. ನಾನು ಚಿಕ್ಕಿಯ ಕಡೆ ತಿರುಗಿದೆ.

"ಚಿಕ್ಕೀ, ಅಲ್ಲ ಅಂತ ಹೇಳು. ಚಿತ್ರ ಬರವಣಿಗೆ ಅಲ್ಲ ಅಂತ ಹೇಳು."

ಅವಳು ನನ್ನ ಬೆರಳಿಗೆ ಅಂಟಿದ್ದ ಅಕ್ಕಿಕಾಳನ್ನು ಬಿಡಿಸುತ್ತ, ಮೆಲ್ಲಗೆ ಹೇಳಿದಳು:

"ಅಜ್ಜಿ ಹೇಳಿದ್ದೇ ಸರಿ ಕಣೇ."

ಮಧ್ಯಾಹ್ನದ ಊಟವಾದ ಮೇಲೆ ಹೊರಟೆವು. ಬಸ್ಸಿನಲ್ಲಿ ಅಮ್ಮ ಕಿಟಕಿಯ ಸೀಟು ನನಗೆ ಬಿಟ್ಟುಕೊಟ್ಟಳು. ನಾನು ಹೊರಗೆ ನೋಡಲಿಲ್ಲ, ಎದುರಿನ ಸೀಟಿನ ಕಬ್ಬಿಣದ ಹಿಡಿಯನ್ನು ನೋಡುತ್ತ ಕೂತೆ. ಗೋಡೆಯ ಮೇಲಿದ್ದ ನನ್ನ ಕಾಗದದ ಮರಗಳನ್ನು ಜೊತೆಗೆ ಒಯ್ಯಲು ಸುತ್ತಿ ಕೊಟ್ಟಿದ್ದರು. ನಾನೇ ಬೇಡವೆಂದು ಬಾಗಿಲಲ್ಲಿ ಬಿಟ್ಟು ಬಂದಿದ್ದೆ. ಆಲ್ಕೊಳದ ಮನೆ ಹೊಸ ಸುಣ್ಣ ಹೊಡೆಸಿಕೊಂಡು ಬೆಳ್ಳಗಿತ್ತು. ಶಾಲೆ ಚೆನ್ನಾಗಿಯೇ ಇತ್ತು. ಅಲ್ಲಿ ಬಣ್ಣ, ಕಾಗದ, ಅಂಟು ಎಲ್ಲ ಪ್ಯಾಕೆಟ್ಟಿನಲ್ಲಿ ಬರುತ್ತಿತ್ತು, ಯಾವುದನ್ನೂ ಕದಿಯಬೇಕಿರಲಿಲ್ಲ. ರಜೆ ಬಂದಾಗ ಓಲ್ಡ್ ಟೌನಿಗೆ ಹೋಗುತ್ತಿದ್ದೆ, ನೆಂಟರ ಹಾಗೆ. ಮುಂದೆ ನಾನು ವಾದ ಮಾಡುವುದನ್ನೇ ಕಸುಬಿನಂತೆ ಕಲಿತೆ. ಎದುರಾಳಿಯ ಮಾತಿನ ಯಾವ ಇಟ್ಟಿಗೆ ಸಡಿಲ ಎಂದು ಹುಡುಕುವುದು, ಪದ್ಧತಿಗಳನ್ನು ಪ್ರಶ್ನಿಸುವುದು, ದೇವರ ಮಣೆಯ ಮುಂದೆ ಕೈಕಟ್ಟದೇ ನಿಲ್ಲುವುದು. ಈಗ ಕಾಲೇಜು ಹುಡುಗ ಹುಡುಗಿಯರಿಗೂ ಅದನ್ನೇ ಕಲಿಸುತ್ತೇನೆ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್‌ಗಳು ಕಪಾಟು ತುಂಬಿವೆ. ಆದರೆ ಯಾವ ವೇದಿಕೆಯಿಂದ ಇಳಿಯುವಾಗಲೂ ಒಂದು ಕ್ಷಣ ನಾನು ಆ ತಟ್ಟೆಯ ಆಚೆ ಕೂತವಳನ್ನು ಹುಡುಕುತ್ತೇನೆ. ಅಂದು ಅವಳು ನನ್ನ ಪಕ್ಷ ನಿಂತಿದ್ದರೆ ನಾನು ಉಳಿಯುತ್ತಿದ್ದೆನೆಂದು ನಂಬುವಷ್ಟು ಮುಗ್ಧೆಯಲ್ಲ. ಎರಡು ರೂಮಿನ ಮನೆಗೆ ಮುಂಗಡ ಕೊಟ್ಟವರು ಒಂದು ಎಲೆಯ ಚಿತ್ರಕ್ಕೆ ಸೋಲುತ್ತಿರಲಿಲ್ಲ. ನನಗೆ ಬೇಕಿದ್ದುದು ಅದಲ್ಲ. ನಾನು ಹೋಗುವುದು ಅವಳಿಗೆ ಬೇಡವಾಗಿತ್ತೇ? ಇಷ್ಟೇ ಪ್ರಶ್ನೆ.

ಈ ಸಲ ದಸರಾ ಮುಗಿದ ಮೇಲೆ ಕೇಳಿಬಿಟ್ಟೆ. ಅಜ್ಜಿ ತೀರಿಕೊಂಡು ವರ್ಷಗಳಾದವು. ಆ ಮನೆಯನ್ನು ಮಾಲೀಕರು ಕೆಡವಿ ಅಂಗಡಿಗಳನ್ನು ಕಟ್ಟಿದ್ದಾರೆ. ಚಿಕ್ಕಿ ಹಿಂದಿನ ಬೀದಿಯಲ್ಲಿ ಮಹಡಿಯ ಮೇಲಿದ್ದಾಳೆ, ಅಲ್ಲಿಗೂ ಬೀದಿಯ ಮಕ್ಕಳು ಬರುತ್ತಾರೆ. ನಾನು ಹೋದಾಗ ಅವರೆಲ್ಲ ಮನೆಗೆ ಹೋಗಿಯಾಗಿತ್ತು, ಅವಳು ನೆಲಕ್ಕೆ ಅಂಟಿದ್ದ ಗಂಜಿಯನ್ನು ಒದ್ದೆ ಬಟ್ಟೆಯಿಂದ ತಿಕ್ಕುತ್ತಿದ್ದಳು. ಕೂದಲು ಬಹುಪಾಲು ಬೆಳ್ಳಗಾಗಿದೆ.

"ಈಗಿನ ಅಮ್ಮಂದಿರು ಮೊಬೈಲಲ್ಲಿ ತೋರಿಸ್ತಾರೆ ಕಣೆ, ಇದೇ ಥರ ಎಲೆ ಮಾಡ್ಸಿ ಅಂತ. ಅದೇ ಚಾರ್ಟಿನ ಎಲೆ! ನಮ್ಮೂರಿಗೆ ಅದಿನ್ನೂ ಬಂದಿಲ್ಲ."

"ಚಿಕ್ಕಿ, ಅವತ್ತು ಯಾಕೆ ಅಜ್ಜಿ ಕಡೆ ಹೋದೆ?"

"ಯಾವತ್ತು?"

"ನಾಟಕ ಬೇಡ."

ಅವಳು ಬಟ್ಟೆಯನ್ನು ಬಕೆಟ್ಟಿಗೆ ಹಾಕಿ, ಗೋಡೆಗೆ ಒರಗಿ ಕೂತಳು.

"ನಿನ್ನ ಕಡೆ ಮಾತಾಡೋಕೆ ನೀನೊಬ್ಳು ಸಾಕಾಗಿತ್ತಲ್ಲ ಮಾರಾಯ್ತಿ, ಇಡೀ ಮನೆಗೆ ಸಾಕಾಗೋಷ್ಟು. ನಿನ್ನಮ್ಮ ಬಾಗಿಲಲ್ಲೇ ನಿಂತಿದ್ಲು. ಪಾಳಿ ಮುಗಿಸಿ ನೇರ ಬಂದವಳು, ಚಪ್ಪಲಿನೂ ಬಿಟ್ಟಿರ್ಲಿಲ್ಲ. ನೀನು ಒಂದೊಂದು ಸಲ ಬರೆಯಲ್ಲ ಅಂದಾಗ್ಲೂ ಅವಳು ಒಂದೊಂದು ಹೆಜ್ಜೆ ಹಿಂದೆ ಹೋಗ್ತಿದ್ಲು. ಇನ್ನೊಂದು ಸಲ ಅಂದಿದ್ರೆ ಮೆಟ್ಟಿಲು ಇಳಿದೇಬಿಡೋಳು. ಅವಳ ಕಡೆ ಮಾತಾಡೋಕೆ ಯಾರಿದ್ರು ಹೇಳು?"

ಇಷ್ಟು ವರ್ಷ ನಾನು ಈ ವಾದಕ್ಕೆ ಎರಡೇ ಪಕ್ಷ ಎಂದುಕೊಂಡಿದ್ದೆ. ಕೆಳಗೆ ಬೀದಿಯಲ್ಲಿ ಯಾರೋ ಸ್ಕೂಟರಿನ ಕಿಕ್ ಹೊಡೆಯುತ್ತಲೇ ಇದ್ದರು, ಕೊನೆಗೆ ಅದು ಸ್ಟಾರ್ಟ್ ಆಯಿತು.

"ಸರಿ," ಎಂದೆ. "ನಿನ್ನ ಕಡೆ?"

"ನಂದೇನು?"

"ನಾನು ಹೋದ್ಮೇಲೆ ನಿಂಗೇನಾಯ್ತು ಅಂತ ಕೇಳ್ತಿದೀನಿ."

"ಏನೂ ಆಗ್ಲಿಲ್ಲ." ಅವಳು ತನ್ನ ಬೆರಳುಗಳನ್ನು ನೋಡಿಕೊಂಡಳು. "ಮಾರನೇ ದಿನ ಬೆಳಿಗ್ಗೆ ಎದ್ದು ನಿನ್ನ ಲೋಟಕ್ಕೂ ಹಾಲು ಬಗ್ಗಿಸಿಬಿಟ್ಟಿದ್ದೆ. ಸಕ್ಕರೆ ಹಾಕಿ ಕಲಕಿ, ಆರಿಸಿ, ಕರೆದೂ ಬಿಟ್ಟೆ ನಿನ್ನ."

"ಆಮೇಲೆ?"

"ಆಮೇಲೇನು, ನಾನೇ ಕುಡ್ದೆ. ಹಾಲು ಚೆಲ್ಲೋಕಾಗುತ್ತಾ?"